ಮಳೆಗಾಲಕ್ಕೆ ಬೇರೆ ಗಾಲಿ: ಕಡಿಮೆ ಖರ್ಚಿನಲ್ಲಿ ರೋಡ್ ಬೈಕಿಗೆ ಒಂದು ಜೋಡಿ ಆರಿಸುವುದು ಹೇಗೆ?

ಚಳಿ ದೇಶಗಳಲ್ಲಿ ರೋಡ್ ಬೈಕ್ ಓಡಿಸುವವರು ಚಳಿಗಾಲ ಬಂತೆಂದರೆ ಒಳ್ಳೆಯ ಗಾಲಿಗಳನ್ನು ಬಿಚ್ಚಿ ಒಳಗಿಟ್ಟು, ಅಗ್ಗದ ಒಂದು ಜೋಡಿ ಹಾಕಿಕೊಳ್ಳುತ್ತಾರೆ. ಹಿಮ ಕರಗಲಿ ಅಂತ ಅಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಗಾಲಿಯ ನಡುವಿನ ಹಬ್ ಒಳಗೆ ಹೊಕ್ಕು ಬೇರಿಂಗ್ ತಿಂದು ಹಾಕುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಚಳಿಗಾಲ ಸೈಕಲ್ಲಿಗೆ ಹೇಳಿ ಮಾಡಿಸಿದ ಕಾಲ. ಕಷ್ಟ ಇರುವುದು ಜೂನಿನಿಂದ ಸೆಪ್ಟೆಂಬರ್ ತನಕ. ಕಾರವಾರ, ಅಂಕೋಲಾ, ಕುಮಟಾ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಉಪ್ಪನ್ನು ಯಾರೂ ಎರಚಬೇಕಿಲ್ಲ, ಸಮುದ್ರದ ಗಾಳಿಯೇ ಹೊತ್ತು ತರುತ್ತದೆ. ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ, ಆದರೆ ಕೆಂಪು ಮಣ್ಣಿನ ರಾಡಿ ಇದೆ.

ಹಾಗಾಗಿ ಮಳೆಗಾಲಕ್ಕೇ ಅಂತ ಒಂದು ಜೋಡಿ ಗಾಲಿ ಇಟ್ಟುಕೊಳ್ಳುವುದು ಶೋಕಿ ಅಲ್ಲ, ದುಡ್ಡು ಉಳಿಸುವ ದಾರಿ. ಶಿರಸಿ, ಸಿದ್ದಾಪುರದವರಿಗೆ ಇದೇ ಜೋಡಿ ಚಳಿಗಾಲದ ಬೆಳಗ್ಗೆಯೂ ಕೆಲಸಕ್ಕೆ ಬರುತ್ತದೆ. ಡಿಸೆಂಬರಿನಲ್ಲಿ ಇಬ್ಬನಿ ಬಿದ್ದ ರಸ್ತೆ ಬಿಸಿಲು ಏರುವ ತನಕ ಒದ್ದೆಯಾಗೇ ಇರುತ್ತದೆ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಾಲಿ ಇರುವುದೇ ಸವೆಯಲಿಕ್ಕೆ. ಅದಕ್ಕೆ ತೂಕ ನೋಡಬೇಡಿ. 1900 ಗ್ರಾಂ ತೂಗುವ ಸಾದಾ ಜೋಡಿಗೂ 1500 ಗ್ರಾಮಿನ ದುಬಾರಿ ಜೋಡಿಗೂ ಇರುವ ವ್ಯತ್ಯಾಸ ಅರ್ಧ ಲೀಟರ್ ನೀರಿನ ಬಾಟಲಿಗಿಂತ ಕಡಿಮೆ. ನೋಡಬೇಕಾದದ್ದು ನೀರು ತಡೆಯುವ ಹಬ್ ಮತ್ತು ನಮ್ಮೂರಲ್ಲೇ ರಿಪೇರಿ ಆಗುವ ಸ್ಪೋಕ್.

ಮೊದಲು ನಿಮ್ಮ ಸೈಕಲ್ ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಅಟ್ಟದ ಮೇಲೆ ನೋಡಿ. ಸೈಕಲ್ ಜೊತೆ ಬಂದಿದ್ದ ಹಳೆಯ ಗಾಲಿ ಬಿದ್ದಿದ್ದರೆ ನಿಮ್ಮ ಮಳೆಗಾಲದ ಜೋಡಿ ಬಹುಶಃ ಅದೇ. ಕಂಪನಿಯವರು ಸೈಕಲ್ ಜೊತೆ ಕೊಡುವ ಗಾಲಿ ಭಾರ ಇರುತ್ತದೆ, ಆದರೆ ಗಟ್ಟಿ. ಹೊಸ ಗ್ರೀಸ್ ಹಾಕಿಸಿ, ಬೆಂಡ್ ತೆಗೆಸಿದರೆ ಸಾಕು.

ಇಲ್ಲ, ಕೊಳ್ಳಲೇಬೇಕು ಅಂದರೆ ನಾಲ್ಕು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ. ಒಂದು, ಅಳತೆ. ರೋಡ್ ಬೈಕಿನದ್ದು ಸಾಮಾನ್ಯವಾಗಿ 700ಸಿ, ಟೈರಿನ ಪಕ್ಕದಲ್ಲಿ 622 ಅಂತಲೂ ಬರೆದಿರುತ್ತದೆ. ಎರಡು, ಬ್ರೇಕ್ ರಿಮ್ಮಿಗೆ ಹಿಡಿಯುತ್ತದೋ, ಹಬ್ಬಿನ ಪಕ್ಕದ ಡಿಸ್ಕ್ ತಟ್ಟೆಗೋ. ಮೂರು, ಆಕ್ಸಲ್, ಅಂದರೆ ಗಾಲಿಯ ನಡುವಿನ ಅಚ್ಚು. ರಿಮ್ ಬ್ರೇಕಿನ ಸೈಕಲ್ಲಿಗೆ ಮುಂದೆ 100 ಮಿಮೀ, ಹಿಂದೆ 130 ಮಿಮೀ ಅಗಲದ, ಲಿವರ್ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಇರುತ್ತದೆ. ಡಿಸ್ಕ್ ಆದರೆ ಹಿಂದೆ 135 ಮಿಮೀ ಕ್ವಿಕ್ ರಿಲೀಸ್ ಇರಬಹುದು, ಈಚಿನದ್ದಾದರೆ ಹಬ್ ಒಳಗೆ ತೂರಿಸಿ ಫ್ರೇಮಿಗೆ ತಿರುಪುವ 142 ಮಿಮೀ ಥ್ರೂ ಆಕ್ಸಲ್. ಇದು ತಪ್ಪಿದರೆ ಗಾಲಿ ಫ್ರೇಮಿಗೆ ಕೂರುವುದೇ ಇಲ್ಲ. ನಾಲ್ಕು, ಹಿಂದೆ ಎಷ್ಟು ಗೇರ್. ಹಿಂದಿನ ಗೇರ್ ಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಅಂತಾರೆ, ಅದು ಕೂರುವ ಹಬ್ಬಿನ ಭಾಗಕ್ಕೆ ಫ್ರೀಹಬ್. ಶಿಮಾನೊ ಕಂಪನಿಯ 11 ಸ್ಪೀಡ್ ಫ್ರೀಹಬ್ ಮೇಲೆ 8, 9, 10 ಸ್ಪೀಡ್ ಕ್ಯಾಸೆಟ್ಟನ್ನು 1.85 ಮಿಮೀ ಸ್ಪೇಸರ್ ಹಾಕಿ ಕೂರಿಸಬಹುದು, 10 ಸ್ಪೀಡಿನ ಬಹುಪಾಲು ಕ್ಯಾಸೆಟ್ಟಿಗೆ ಜೊತೆಗೆ 1 ಮಿಮೀ ಸ್ಪೇಸರ್ ಕೂಡ ಬೇಕು. ಹಳೆಯ 10 ಸ್ಪೀಡ್ ಫ್ರೀಹಬ್ ಮೇಲೆ ಹೆಚ್ಚಿನ 11 ಸ್ಪೀಡ್ ರೋಡ್ ಕ್ಯಾಸೆಟ್ ಕೂರುವುದಿಲ್ಲ. ಅದಕ್ಕೇ 11 ಸ್ಪೀಡಿನದ್ದೇ ತೆಗೆದುಕೊಳ್ಳಿ, ನಾಳೆ ಗೇರ್ ಬದಲಿಸಿದರೂ ಗಾಲಿ ಉಳಿಯುತ್ತದೆ. ಡಿಸ್ಕ್ ಇರುವವರು ರೋಟರ್, ಅಂದರೆ ಡಿಸ್ಕ್ ತಟ್ಟೆ, ಆರು ಬೋಲ್ಟಿನದ್ದೋ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್‌ಲಾಕ್ ಬಗೆಯದ್ದೋ ಅಂತ ಒಮ್ಮೆ ನೋಡಿಕೊಳ್ಳಿ.

ರಿಮ್: ಅಲ್ಯೂಮಿನಿಯಂ, ಎರಡು ಗೋಡೆಯದ್ದು

ಮಳೆಯಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ದಾರಿಯಲ್ಲಿ ಸೈಕಲ್ ನಿಲ್ಲಿಸಿ ರಿಮ್ ನೋಡಿ. ಬೂದು ಬಣ್ಣದ ನೀರು ಇಳಿಯುತ್ತಿರುತ್ತದೆ. ಬೆರಳಲ್ಲಿ ಒರೆಸಿದರೆ ಮರಳು ಕಾಗದದ ಪುಡಿಯ ಹಾಗೆ ಕೈಗೆ ಸಿಗುತ್ತದೆ. ಅದರಲ್ಲಿ ಬ್ರೇಕ್ ಪ್ಯಾಡಿನ ರಬ್ಬರ್ ಇದೆ, ರಸ್ತೆಯ ಮಣ್ಣಿದೆ, ನಿಮ್ಮ ರಿಮ್ಮಿನ ಅಲ್ಯೂಮಿನಿಯಮ್ಮೂ ಇದೆ. ಪ್ರತಿ ಸಲ ಬ್ರೇಕ್ ಹಿಡಿದಾಗ ರಿಮ್ಮಿನ ಗೋಡೆ ಒಂಚೂರು ತೆಳ್ಳಗಾಗುತ್ತದೆ. ತೀರಾ ತೆಳ್ಳಗಾದರೆ ಒಳಗಿನ ಗಾಳಿಯ ಒತ್ತಡಕ್ಕೇ ಸೀಳಿಕೊಳ್ಳುತ್ತದೆ, ಅದೂ ಇಳಿಜಾರಿನಲ್ಲಿ ಆದರೆ ದೇವರೇ ಗತಿ.

ಆದ್ದರಿಂದ ರಿಮ್ ಬ್ರೇಕಿನವರು ಸವೆತದ ಗುರುತು ಇರುವ ರಿಮ್ ಕೊಳ್ಳಿ. ಬ್ರೇಕ್ ಹಿಡಿಯುವ ಜಾಗದಲ್ಲಿ ಸುತ್ತಲೂ ಒಂದು ಗೀರು ಅಥವಾ ಒಂದೆರಡು ಸಣ್ಣ ಕುಳಿ ಇರುತ್ತದೆ. ಅದು ಮಾಸಿಹೋದ ದಿನ ರಿಮ್ಮಿನ ಆಯಸ್ಸು ಮುಗಿಯಿತು. ಗುರುತು ಇಲ್ಲದ ರಿಮ್ಮಿಗೆ ಸ್ಟೀಲ್ ಸ್ಕೇಲಿನ ಅಂಚನ್ನು ಅಡ್ಡ ಹಿಡಿದು ಬೆಳಕಿಗೆ ನೋಡಿ. ನಡುವೆ ಬೆಳಕು ತೂರಿದರೆ ಗೋಡೆ ಒಳಗೆ ಬಾಗಿದೆ, ಅಂದರೆ ಸವೆದಿದೆ ಅಂತ.

ಕಾರ್ಬನ್ ರಿಮ್ ಬೇಡ. ರಿಮ್ ಬ್ರೇಕ್ ಇದ್ದರಂತೂ ಒದ್ದೆಯಲ್ಲಿ ಅದು ಹಿಡಿಯುವುದು ತಡ. ಹೊಳೆಯುವ ಸ್ಟೀಲ್ ರಿಮ್ ಅದಕ್ಕಿಂತ ಕಡೆ. ಎರಡು ಗೋಡೆಯ, ಅಂದರೆ ತಳದಲ್ಲಿ ಎರಡು ಪದರ ಇರುವ ಅಲ್ಯೂಮಿನಿಯಂ ರಿಮ್, ಒಳ ಅಗಲ 17ರಿಂದ 19 ಮಿಮೀ, ಇಷ್ಟಿದ್ದರೆ 28 ಮಿಮೀ ಟೈರ್ ಚೆನ್ನಾಗಿ ಕೂರುತ್ತದೆ. ಒಳಗೆ ಸೇರಿದ ನೀರು ಇಳಿದುಹೋಗಲು ಸಣ್ಣ ತೂತು ಇದ್ದರೆ ಇನ್ನೂ ಒಳ್ಳೆಯದು.

ಡಿಸ್ಕ್ ಬ್ರೇಕಿನವರಿಗೆ ಈ ಚಿಂತೆ ಇಲ್ಲ, ರಿಮ್ ಸವೆಯುವುದಿಲ್ಲ. ನೀವು ದುಡ್ಡನ್ನು ಹಬ್ ಮೇಲೆ ಹಾಕಿ.

ಹಬ್: ಇಲ್ಲಿ ಜಿಪುಣತನ ಬೇಡ

ಮಳೆಗಾಲದಲ್ಲಿ ಗಾಲಿ ಸಾಯುವುದು ಹಬ್‌ನಿಂದ. ನೀರು ಒಳಗೆ ಹೋದರೆ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತುಕ್ಕು, ಆಮೇಲೆ ಗರಗರ ಸದ್ದು. ಹಬ್ಬುಗಳಲ್ಲಿ ಎರಡು ಬಗೆ.

ಒಂದು ಬಗೆಯಲ್ಲಿ ಬಿಡಿ ಗುಂಡುಗಳು ಹಬ್ ಒಳಗಿನ ಕಪ್ ಮತ್ತು ಆಕ್ಸಲ್ ಮೇಲಿನ ಕೋನ್ ನಡುವೆ ಉರುಳುತ್ತವೆ. ಶಿಮಾನೊದ ಅಗ್ಗದ ಗಾಲಿಗಳು ಈ ಬಗೆಯವು. ಇದರ ಸುಖ ಏನೆಂದರೆ ಮನೆಯಲ್ಲೇ ಬಿಚ್ಚಬಹುದು. ತೆಳ್ಳಗಿನ ಕೋನ್ ಸ್ಪ್ಯಾನರ್, ಸೀಮೆಎಣ್ಣೆ ಅಥವಾ ಡೀಸೆಲ್, ನೀರಿಗೆ ಜಗ್ಗದ ಗ್ರೀಸ್, ಇಷ್ಟೇ. ಗುಂಡುಗಳು ಹೆಚ್ಚಾಗಿ ಮುಂದೆ 3/16 ಇಂಚು, ಹಿಂದೆ 1/4 ಇಂಚು. ತೊಂದರೆ ಏನೆಂದರೆ ಬಿಚ್ಚಲೇಬೇಕು. ಮಳೆಗಾಲದ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಉದಾಸೀನ ಮಾಡಿದರೆ ಕಪ್ಪಿನಲ್ಲೇ ಕುಳಿ ಬೀಳುತ್ತದೆ, ಕಪ್ ಹೋದರೆ ಹಬ್ ಹೋದ ಹಾಗೇ.

ಇನ್ನೊಂದು ಬಗೆ ಕಾರ್ಟ್ರಿಜ್ ಬೇರಿಂಗಿನದ್ದು. ಇಡೀ ಬೇರಿಂಗನ್ನೇ ತೆಗೆದು ಹೊಸದು ಹಾಕುವುದು. ಬೇರಿಂಗಿನ ಮುಖದ ಮೇಲೆ ನಂಬರ್ ಇರುತ್ತದೆ, 6001 ಅಥವಾ 6902 ಅಂತ. ಪಕ್ಕದಲ್ಲಿ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಅಂತ ಅರ್ಥ, ಮಳೆಗೆ ಅದೇ ಬೇಕು. ಝಡ್‌ಝಡ್ ಅಂದರೆ ಬರೀ ತಗಡಿನ ಮುಚ್ಚಳ, ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. 6001 ತರಹದ ಸಾಮಾನ್ಯ ಅಳತೆ ಆದರೆ ಮೋಟರ್, ಪಂಪಿಗೆ ಬೇರಿಂಗ್ ಮಾರುವ ಅಂಗಡಿಯಲ್ಲೇ ಸಿಗುತ್ತದೆ. 6902 ತೆಳ್ಳಗಿನದ್ದು, ಮೊದಲೇ ತರಿಸಿಟ್ಟುಕೊಳ್ಳಿ.

ಯಾವುದು ಒಳ್ಳೆಯದು? ಕೈ ಕೊಳೆ ಮಾಡಿಕೊಳ್ಳಲು ಬೇಸರ ಇಲ್ಲದವರಿಗೆ ಕಪ್ ಮತ್ತು ಕೋನ್. ಓಡಿಸುವುದಷ್ಟೇ ಗೊತ್ತು ಅನ್ನುವವರಿಗೆ ಕಾರ್ಟ್ರಿಜ್. ಸಮುದ್ರದ ಪಕ್ಕ ಇರುವವರಿಗೆ ನನ್ನ ಓಟು ಕಾರ್ಟ್ರಿಜ್‌ಗೇ.

ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಗಾಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಆಕ್ಸಲ್ಲನ್ನು ಎರಡು ಬೆರಳಲ್ಲಿ ನಿಧಾನ ತಿರುಗಿಸಿ. ಜೋರಾಗಿ ತಿರುಗಿಸಿದರೆ ಕೆಟ್ಟ ಬೇರಿಂಗೂ ನುಣ್ಣಗೆ ಅನ್ನಿಸುತ್ತದೆ. ನಿಧಾನ ತಿರುಗಿಸಿದಾಗ ಮರಳು ಸಿಕ್ಕಂತೆ ತಡೆದರೆ ಅದು ಬೇಡ. ಆಮೇಲೆ ಆಕ್ಸಲ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಟಕ್ ಅಂತ ಆಡಿದರೆ ಕಾರಣ ಕೇಳಿ.

ಸ್ಪೋಕ್

ಸ್ಟೇನ್‌ಲೆಸ್ ಸ್ಟೀಲ್ ಸ್ಪೋಕ್, ಅದನ್ನು ರಿಮ್ಮಿಗೆ ಬಿಗಿಯುವ ನಟ್ಟು ಅಂದರೆ ನಿಪ್ಪಲ್ ಹಿತ್ತಾಳೆಯದ್ದು. ಇದರಲ್ಲಿ ರಾಜಿ ಬೇಡ. ಸತುವಿನ ಲೇಪದ ಅಗ್ಗದ ಸ್ಪೋಕ್ ಕಾರವಾರದ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ನಿಪ್ಪಲ್ ಉಪ್ಪಿನ ತೇವದಲ್ಲಿ ಸ್ಪೋಕಿಗೇ ಕಚ್ಚಿಕೊಂಡುಬಿಡುತ್ತದೆ, ಬೆಂಡ್ ತೆಗೆಯಲು ಹೋದರೆ ಮುರಿಯುತ್ತದೆ. ತಲೆಯ ಹತ್ತಿರ ಬಾಗಿರುವ ಸಾದಾ ಸ್ಪೋಕೇ ಇರಲಿ, ನೇರ ತಲೆಯದ್ದು ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. 70 ಕೆಜಿ ಒಳಗಿನವರಿಗೆ ಮುಂದೆ 24, ಹಿಂದೆ 28 ಸ್ಪೋಕ್ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಬ್ಯಾಗು ಹೇರುವವರಾದರೆ ಹಿಂದೆ 32. 32ರಲ್ಲಿ ಒಂದು ತುಂಡಾದರೂ ಮನೆ ಸೇರಬಹುದು. 20 ಸ್ಪೋಕಿನ ಗಾಲಿಯಲ್ಲಿ ಒಂದು ಹೋದರೆ ರಿಮ್ ಬ್ರೇಕಿಗೇ ತಾಗಿ ನಿಂತುಬಿಡುತ್ತದೆ, ಅರಬೈಲ್ ಘಟ್ಟದ ನಡುವೆ ಆದರೆ ಏನು ಮಾಡುತ್ತೀರಿ?

ಗಾಲಿ ಜೊತೆಗೇ ಬಿಡಿ ಸ್ಪೋಕ್ ಕೇಳಿ ಪಡೆಯಿರಿ. ಹಿಂದಿನ ಗಾಲಿಯಲ್ಲಿ ಚೈನ್ ಕಡೆಯ ಉದ್ದ ಬೇರೆ, ಎಡಗಡೆಯ ಉದ್ದ ಬೇರೆ. ಎರಡೂ ಬಗೆ ತೆಗೆದುಕೊಂಡು, ಉದ್ದ ಬರೆದ ಚೀಟಿ ಅಂಟಿಸಿಡಿ. ಆಗ ಯಾವ ಊರಿನ ಸೈಕಲ್ ರಿಪೇರಿಯವರಾದರೂ ಹಾಕಿಕೊಡುತ್ತಾರೆ.

ಎಲ್ಲಿ, ಹೇಗೆ ಕೊಳ್ಳುವುದು

ಕಾರವಾರದವರಿಗೆ ಮಡಗಾಂವ್ ಹತ್ತಿರ, ಶಿರಸಿಯವರಿಗೆ ಹುಬ್ಬಳ್ಳಿ. ಆನ್‌ಲೈನಲ್ಲಿ ತರಿಸಿದರೂ ತೊಂದರೆ ಇಲ್ಲ, ಬಿಲ್ ಇಟ್ಟುಕೊಳ್ಳಿ. ಬೆಲೆ ಹೋಲಿಸುವಾಗ ಗಾಲಿಯ ಬೆಲೆ ಮಾತ್ರ ನೋಡಬೇಡಿ. ಟೈರ್, ಟ್ಯೂಬ್, ರಿಮ್ ಟೇಪ್, ಇನ್ನೊಂದು ಕ್ಯಾಸೆಟ್, ಡಿಸ್ಕ್ ಆದರೆ ರೋಟರ್, ಎಲ್ಲಾ ಸೇರಿಸಿ ಕೂಡಿ. ಕ್ಯಾಸೆಟ್ ಬೇರೆ ಇದ್ದರೆ ಗಾಲಿ ಬದಲಿಸುವುದು ಎರಡು ನಿಮಿಷದ ಕೆಲಸ, ಇಲ್ಲದಿದ್ದರೆ ಪ್ರತಿ ಸಲ ಬಿಚ್ಚಿ ಹಾಕುವ ರಗಳೆ. ಸೆಕೆಂಡ್ ಹ್ಯಾಂಡ್ ಆದರೆ ಮೇಲೆ ಹೇಳಿದ ಸ್ಕೇಲ್ ಪರೀಕ್ಷೆ, ಆಕ್ಸಲ್ ಪರೀಕ್ಷೆ ಎರಡನ್ನೂ ಮಾಡಿ, ಸ್ಪೋಕ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಬಿರುಕಿದ್ದರೆ ಸುಮ್ನೆ ಕೊಟ್ಟರೂ ಬೇಡ.

ಟೈರ್ 28 ಮಿಮೀ ಹಾಕಿ, ಆದರೆ ಫ್ರೇಮ್ ಮತ್ತು ಬ್ರೇಕ್ ನಡುವೆ ಜಾಗ ಇದೆಯಾ ಮೊದಲು ನೋಡಿ. ಹಳೆಯ ಹಲವು ರಿಮ್ ಬ್ರೇಕುಗಳಲ್ಲಿ 25ಕ್ಕಿಂತ ದಪ್ಪದ್ದು ಹಿಡಿಯುವುದಿಲ್ಲ. ಪಂಕ್ಚರ್ ತಡೆಯುವ ಪಟ್ಟಿ ಇರುವ ಟೈರ್ ಆಗಲಿ. ಹೆದ್ದಾರಿ 66ರ ಅಂಚಿನಲ್ಲಿ ಮಳೆನೀರು ಗಾಜಿನ ಚೂರು, ಜಲ್ಲಿ, ತಂತಿ ಎಲ್ಲವನ್ನೂ ತಂದು ಗುಡ್ಡೆ ಹಾಕಿರುತ್ತದೆ. 70 ಕೆಜಿ ತೂಕದವರು 28 ಮಿಮೀ ಟೈರಿಗೆ 65ರಿಂದ 75 ಪಿಎಸ್‌ಐ ಗಾಳಿ ಹಾಕಿದರೆ ಸರಿ, ಕಲ್ಲಿನ ಹಾಗೆ ಗಟ್ಟಿ ಮಾಡಿದರೆ ಒದ್ದೆ ತಿರುವಿನಲ್ಲಿ ಜಾರುತ್ತದೆ.

ಹೊಸ ಗಾಲಿ ಹಾಕಿದ ದಿನವೇ ಘಟ್ಟ ಇಳಿಯಬೇಡಿ. ಊರಲ್ಲೇ ಒಂದೆರಡು ಸುತ್ತು ಓಡಿಸಿ, ಸ್ಪೋಕ್ ಕೂತು ಸಡಿಲಾಗಿದ್ದರೆ ಮತ್ತೊಮ್ಮೆ ಬಿಗಿ ಮಾಡಿಸಿ. ರಿಮ್ ಬ್ರೇಕಿನವರು ಒಂದೊಂದು ರೈಡ್ ಆದ ಮೇಲೂ ಪ್ಯಾಡ್ ನೋಡಿ, ಚುಚ್ಚಿಕೊಂಡ ಕಲ್ಲು, ಲೋಹದ ಚೂರು ಇದ್ದರೆ ಸೂಜಿಯಲ್ಲಿ ಕೀಳಿ. ಇಲ್ಲದಿದ್ದರೆ ಅದೇ ಚೂರು ರಿಮ್ ಕೊರೆಯುತ್ತದೆ. ಮನೆಗೆ ಬಂದ ಮೇಲೆ ಸಾದಾ ನೀರಲ್ಲಿ ತೊಳೆದು ಒರೆಸಿ. ಗಾಡಿ ವಾಶ್ ಮಾಡುವ ಪ್ರೆಶರ್ ಪೈಪನ್ನು ಮಾತ್ರ ಹಬ್ ಕಡೆ ಹಿಡಿಯಬೇಡಿ, ಆ ರಭಸಕ್ಕೆ ರಬ್ಬರ್ ಸೀಲ್ ದಾಟಿಯೂ ನೀರು ಒಳಗೆ ನುಗ್ಗುತ್ತದೆ.