ಐಸ್ ಪೆಟ್ಟಿಗೆ ಹೊತ್ತು ಮನೆಮನೆಗೆ: ಚಿಕೂನ್‌ಗುನ್ಯಾ ಸಮೀಕ್ಷೆಯ ನನ್ನ ಅನುಭವ

ಚಿಕೂನ್‌ಗುನ್ಯಾ ಸಮೀಕ್ಷೆಯಲ್ಲಿ ರಕ್ತ ತೆಗೆಯುವ ಕೆಲಸ ನನ್ನದಾಗಿತ್ತು. ಜ್ವರ ಬಂದವರನ್ನು ಹುಡುಕಿಕೊಂಡು ಹೋಗುವುದಲ್ಲ ಇದು. ಚೆನ್ನಾಗಿ ಓಡಾಡಿಕೊಂಡಿರುವವರ ರಕ್ತದಲ್ಲೇ ಈ ವೈರಸ್ ಎಂದಾದರೂ ಬಂದು ಹೋದ ಗುರುತು ಇದೆಯಾ ಅಂತ ನೋಡುವುದು. ಜ್ವರ ವಾಸಿಯಾದರೂ, ವೈರಸ್ ವಿರುದ್ಧ ದೇಹವೇ ತಯಾರಿಸುವ ಐಜಿಜಿ ಎಂಬ ಪ್ರತಿಕಾಯ ರಕ್ತದಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ.

ಮೊದಲ ವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋಗುತ್ತಿದ್ದೆ. ಪಟ್ಟಿಯಲ್ಲಿದ್ದ ಮನೆಗೆ ಬೀಗ. ಪಕ್ಕದ ಮನೆಯವರು "ನಮ್ದೇ ತಗೊಳ್ಳಿ ಸಾರ್" ಅಂದರು, ತಗೊಂಡುಬಿಟ್ಟೆ. ಮೇಲ್ವಿಚಾರಕರು ಆ ಸ್ಯಾಂಪಲ್ ಕೈಬಿಟ್ಟರು. ಅವರು ಮಾಡಿದ್ದೇ ಸರಿ. ಮನೆಯಲ್ಲಿ ಸಿಕ್ಕವರನ್ನಷ್ಟೇ ಪರೀಕ್ಷಿಸಿದರೆ ಹೊಲಕ್ಕೆ, ಕೂಲಿಗೆ, ಶಾಲೆಗೆ ಹೋದವರು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಆಮೇಲೆ ಬೆಳಗಿನ ಆರೂವರೆಗೇ ಹೊರಡತೊಡಗಿದೆ.

ಇನ್ನೊಂದು ತಪ್ಪು ನೆನೆದರೆ ಈಗಲೂ ಬೇಜಾರಾಗುತ್ತದೆ. ರಕ್ತ ತೆಗೆದ ಕೂಡಲೇ ಟ್ಯೂಬುಗಳನ್ನು ಐಸ್ ಪ್ಯಾಕಿಗೆ ತಾಗಿಸಿ ಇಟ್ಟೆ. ರಕ್ತವನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ ನೋಡಿದರೆ, ತಿಳಿ ಹಳದಿ ಇರಬೇಕಾದ ಸೀರಂ (ರಕ್ತದ ನೀರಿನಂಥ ಭಾಗ) ಕೆಂಪಗಿತ್ತು. ರಕ್ತಕಣ ಒಡೆದಿದ್ದವು. ಕೈ ಚಾಚಿ ಕೊಟ್ಟವರ ರಕ್ತ ವ್ಯರ್ಥವಾಯಿತು. ಅಂದಿನಿಂದ ಅರ್ಧ ಗಂಟೆ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ, ಹೆಪ್ಪುಗಟ್ಟಿದ ಮೇಲೇ ಪೆಟ್ಟಿಗೆಗೆ ಇಡುತ್ತೇನೆ. ಐಸಿಗೂ ಟ್ಯೂಬಿಗೂ ನಡುವೆ ಮಡಿಸಿದ ಬಟ್ಟೆ.

ಒಂದು ಮನೆಯಲ್ಲಿ ಅಜ್ಜಿ ಮೊಣಕಾಲು ಸವರಿಕೊಂಡು, "ಆ ವರ್ಷ ಮೂರು ತಿಂಗಳು ಗೋಡೆ ಹಿಡ್ಕೊಂಡೇ ನಡೆದೆ ಕಣಪ್ಪಾ" ಅಂದರು. ಅವರು ಹೇಳುತ್ತಿದ್ದದ್ದು 2006ರ ಚಿಕೂನ್‌ಗುನ್ಯಾ ಹಾವಳಿಯ ಮಾತು. ಅವರ ಮೊಮ್ಮಗ ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಅಮ್ಮನ ಸೆರಗಿನ ಹಿಂದೆ ನಿಂತಿದ್ದ ಅವನು, ಸೂಜಿ ತೋರಿಸಿ ಎಲ್ಲ ವಿವರಿಸಿದ ಮೇಲೆ ತಾನೇ ಕೈ ಮುಂದೆ ಮಾಡಿದ.

ಲ್ಯಾಬಿನಲ್ಲಿ ಪ್ರತಿಕಾಯ ಪತ್ತೆ ಮಾಡುವ ಎಲೈಸಾ ಪರೀಕ್ಷೆಯ ಪ್ಲೇಟು, ಅದರಲ್ಲಿ 96 ಗುಳಿಗಳು. ಪ್ರತಿಕಾಯ ಇದ್ದರೆ ಗುಳಿ ನೀಲಿಯಾಗುತ್ತದೆ, ಕೊನೆಗೆ ಆಮ್ಲ ಹಾಕಿದಾಗ ಹಳದಿಗೆ ತಿರುಗುತ್ತದೆ. ಅಜ್ಜಿಯದು ಹಳದಿ ಬಂದೇ ಬರುತ್ತೆ ಅಂದುಕೊಂಡಿದ್ದೆ, ಬಂತು. ಹುಡುಗನದೂ ಹಳದಿ! ಮತ್ತೊಮ್ಮೆ ಮಾಡಿದೆ. ಅದೇ ಬಣ್ಣ.

2006 ಆದಮೇಲೆ ಹುಟ್ಟಿದವರಿಗೂ ವೈರಸ್ ತಗುಲಿದೆ ಅಂತಲೇ ದೇಶದ ಲೆಕ್ಕವೂ ಹೇಳುತ್ತದೆ. 2017–18ರಲ್ಲಿ 15 ರಾಜ್ಯಗಳಲ್ಲಿ ತೆಗೆದ ಸ್ಯಾಂಪಲ್‌ಗಳಲ್ಲಿ ಒಟ್ಟು ಶೇ. 18.1 ಜನರಿಗೆ ಈ ಪ್ರತಿಕಾಯ ಇತ್ತು. ದಕ್ಷಿಣದಲ್ಲಿ ಶೇ. 43.1, ಈಶಾನ್ಯದಲ್ಲಿ ಬರೀ 0.3. ಹಾಗಾಗಿ ಒಟ್ಟು ಸಂಖ್ಯೆಯೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ನಾನು ಮೊದಲು ನೋಡುವುದು ವಯಸ್ಸಿನ ಸಾಲು. 5ರಿಂದ 8 ವರ್ಷದ ಮಕ್ಕಳಲ್ಲಿ ಶೇ. 9.2. ಇವರೆಲ್ಲ 2006ರ ಹಾವಳಿ ಮುಗಿದ ಮೇಲೆ ಹುಟ್ಟಿದವರು. ಅಂದರೆ ಸುದ್ದಿ ನಿಂತರೂ ವೈರಸ್ ನಿಂತಿರಲಿಲ್ಲ.

ಫಲಿತಾಂಶ ಹೇಳಲು ಹೋದಾಗ ತಾಯಿ ಗಾಬರಿಯಾದರು. "ಇವನಿಗೆ ಅಂಥ ಜ್ವರ ಬಂದೇ ಇಲ್ವಲ್ಲ?" ಸೋಂಕು ತಗುಲಿದ ಎಲ್ಲರಿಗೂ ಕಾಯಿಲೆ ಕಾಣಿಸಿಕೊಳ್ಳುವುದಿಲ್ಲ, ಈಗ ಇವನಿಗೆ ಏನೂ ಆಗಿಲ್ಲ ಅಂತ ಸಮಾಧಾನ ಹೇಳಿದೆ. ಆಮೇಲೆ ಬಚ್ಚಲಿನ ಡ್ರಮ್ಮಿಗೆ ಟಾರ್ಚ್ ಬಿಟ್ಟು ತೋರಿಸಿದೆ. ಸೊಳ್ಳೆಯ ಮರಿಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. ನೀರು ಚೆಲ್ಲಿದರೆ ಸಾಲದು, ಈ ವೈರಸ್ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಳಗೋಡೆಗೆ ಅಂಟಿಕೊಂಡಿರುತ್ತೆ ಅಂದೆ.

ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಒಳಗಿನಿಂದ ಡ್ರಮ್ ಉಜ್ಜುವ ಸದ್ದು ಕೇಳುತ್ತಿತ್ತು.