ಗುಲಾಬಿ ಈರುಳ್ಳಿಯಲ್ಲಿ ಕೋಶಪೊರೆ ತೋರಿಸಿದೆ

ಕೊನೆಗೂ ಆಯ್ತು. ನಮ್ಮ ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿಯಲ್ಲೇ ಕೋಶಪೊರೆ ಕುಗ್ಗುವುದನ್ನೂ, ಮತ್ತೆ ಹಿಗ್ಗಿ ಕೋಶಭಿತ್ತಿಗೆ ಅಂಟುವುದನ್ನೂ ಒಂದೇ ಪೀರಿಯಡ್‌ನಲ್ಲಿ ತೋರಿಸಿದೆ. "ರಿಯೋ ಎಲೆ ಇಲ್ಲದೆ ಆಗಲ್ಲ ಸರ್, ಸುಮ್ನೆ ಯಾಕೆ ಕಷ್ಟ ಪಡ್ತೀರಿ" ಅಂತ ಜೊತೆಯವರು ಹೇಳಿದ್ದರು. ರಿಯೋ ಅಂದರೆ ಎಲೆಯ ಅಡಿಭಾಗ ನೇರಳೆ ಇರುವ ಅಲಂಕಾರದ ಗಿಡ, ಈ ಪ್ರಯೋಗಕ್ಕೆ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ. ಆದರೆ ಬೇಸಿಗೆಗೆ ನಮ್ಮ ರಿಯೋ ಕುಂಡ ಒಣಗಿ ಹೋಗುತ್ತದೆ. ಎರಡು ಸಲ ನರ್ಸರಿಯಿಂದ ತಂದು ಸುಮಾರು ಮುನ್ನೂರು ರೂಪಾಯಿ ಕಳೆದುಕೊಂಡೆ.

ಮೊದಲು ಎಲ್ಲರಂತೆ ಒಳಗಿನ ಬಿಳಿ ಪದರವನ್ನೇ ತೆಗೆದು ಸಫ್ರಾನಿನ್ ಎಂಬ ಕೆಂಪು ಬಣ್ಣ ಹಾಕಿದೆ. ಭಿತ್ತಿ ಚೆನ್ನಾಗಿ ಕಂಡಿತು, ಪೊರೆ ಎಲ್ಲಿ? ಏಳೆಂಟು ನ್ಯಾನೋಮೀಟರ್ ದಪ್ಪದ ಪೊರೆ ನಮ್ಮ ಮೈಕ್ರೋಸ್ಕೋಪಿಗೆ ಸಿಗುವುದಿಲ್ಲ ಅಲ್ವಾ, ಅದು ಮಾಡುವ ಕೆಲಸವನ್ನೇ ತೋರಿಸಬೇಕು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು ಕೊಟ್ಟ ಪೊರೆಯ ರಚನೆಯ ಮಾದರಿಯನ್ನು ಮಕ್ಕಳು ಬಣ್ಣ ಹಾಕಿ ಚೆನ್ನಾಗಿ ಬಿಡಿಸುತ್ತಾರೆ, ಆದರೆ ಆ ಪೊರೆ ಜೀವ ಇರುವ ಕೋಶದಲ್ಲಿ ಈಗಲೂ ಕೆಲಸ ಮಾಡುತ್ತಿದೆ ಅನ್ನುವುದು ಅವರ ತಲೆಗೆ ಹೋಗುವುದು ಕಣ್ಣಾರೆ ಕಂಡಾಗಲೇ.

ಆಮೇಲೆ ಒಣ ಸಿಪ್ಪೆಯ ಕೆಳಗಿನ ರಸದ ಪದರದ ಹೊರಮೈ ತೆಗೆದೆ. ಅಲ್ಲಿನ ಗುಲಾಬಿ ಬಣ್ಣ ಕೋಶದೊಳಗಿನ ರಸದ ಚೀಲದಲ್ಲೇ, ಅಂದರೆ ರಸದಾನಿಯಲ್ಲೇ ಇದೆ, ಬೇರೆ ಬಣ್ಣ ಬೇಕಿಲ್ಲ. ಉಪ್ಪುನೀರು ಹಾಕಿದರೆ ನೀರು ಹೊರಗೆ ಹೋಗುತ್ತದೆ, ಬಣ್ಣ ಮಾತ್ರ ಒಳಗೇ ಉಳಿದು ಗಾಢವಾಗುತ್ತದೆ. ಪೊರೆ ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು?

ಉಪ್ಪಿನಲ್ಲೇ ಜಾಸ್ತಿ ಸೋತೆ. ನೂರು ಎಂಎಲ್‌ಗೆ ಇಪ್ಪತ್ತು ಗ್ರಾಂ ಹತ್ತಿರ ಹಾಕಿದ್ದೆ, ನೋಡನೋಡುತ್ತಲೇ ಕುಗ್ಗಿತು, ಆದರೆ ನೀರು ಬಿಟ್ಟರೂ ಮರಳಿ ಬರಲಿಲ್ಲ. ಕೋಶಗಳು ಸತ್ತಿದ್ದವು. ಈ ಒದ್ದಾಟದಲ್ಲಿ ಒಂದು ಡಬ್ಬಿ ಕವರ್‌ಸ್ಲಿಪ್ ಖಾಲಿ. ಈಗ ಐದು ಗ್ರಾಂ ಸಾಕು, ಮೂರ್ನಾಲ್ಕು ನಿಮಿಷದಲ್ಲಿ ಆಗುತ್ತದೆ. ಮರಳಿ ಹಿಗ್ಗಿಸುವಾಗ ನೇರ ನಲ್ಲಿ ನೀರು ಬಿಟ್ಟರೆ ಹಲವು ಕೋಶ ಒಡೆಯುತ್ತವೆ, ನಡುವೆ ಎರಡು ಗ್ರಾಂನ ಉಪ್ಪುನೀರು ಬೇಕು. ಪದರವನ್ನು ಹರಿಯದೆ ತೆಗೆಯುವ ರೀತಿ ಮಾತ್ರ ಈಗ ಬರೆಯುವುದಿಲ್ಲ, ಅದಕ್ಕೆ ನನಗೆ ಎರಡು ತಿಂಗಳು ಹಿಡಿದಿದೆ.

ನಡುವೆ ಬೀಟ್‌ರೂಟ್ ತುಂಡುಗಳನ್ನೂ ಬಿಸಿನೀರಿಗೆ ಹಾಕಿ ನೋಡಿದೆ. 40 ಡಿಗ್ರಿಯಲ್ಲಿ ನೀರು ತಿಳಿಯಾಗಿಯೇ ಇತ್ತು, 60 ದಾಟಿದ ಮೇಲೆ ಕೆಂಪೋ ಕೆಂಪು. ಶಾಖಕ್ಕೆ ಪೊರೆಯ ಪ್ರೋಟೀನ್ ಕೆಟ್ಟು ಬಣ್ಣ ಹೊರಬೀಳುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕಿದಾಗ ಬಿಸಿ ಇಲ್ಲದೆಯೂ ಬಣ್ಣ ಬಿಟ್ಟಿತು, ಪೊರೆಯ ಕೊಬ್ಬನ್ನು ಸೋಪು ಕರಗಿಸುತ್ತದೆ ನೋಡಿ.

ಈ ವರ್ಷ ಈರುಳ್ಳಿಗೆ ನನ್ನ ಖರ್ಚು ಇಪ್ಪತ್ತು ರೂಪಾಯಿ ದಾಟಿಲ್ಲ, ಮಕ್ಕಳೇ ಮನೆಯಿಂದ ತರುತ್ತಾರೆ, ಐಪೀಸ್‌ಗೆ ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಳ್ಳುತ್ತಾರೆ. ಈಗ ಕಪ್ಪು ದ್ರಾಕ್ಷಿ ಸಿಪ್ಪೆ ಹಿಡಿದಿದ್ದೇನೆ. ಪದರ ಇನ್ನೂ ದಪ್ಪವಾಗಿಯೇ ಬರುತ್ತಿದೆ.