ಹಳೇ ಸ್ಟೇಷನ್ನು ಮ್ಯೂಸಿಯಂ ಆಗುವ ಮುಂಚೆ ಅದರ ಕಥೆ ಕೂಡಿಸಿಕೊಳ್ಳುವುದು ಹೇಗೆ?

ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಮ್ಯೂಸಿಯಂ ಇದೆಯಲ್ಲ, ಅದರೊಳಗೆ ಹೋದ ಮಕ್ಕಳು ಕ್ಷಿಪಣಿ ನೋಡಿ ಮುಂದೆ ಹೋಗುತ್ತಾರೆ, ಆದರೆ ನಾವಿಕರು ಮಲಗುತ್ತಿದ್ದ ಜಾಗದ ಹತ್ತಿರ ನಿಂತೇಬಿಡುತ್ತಾರೆ. ಇಷ್ಟು ಇಕ್ಕಟ್ಟಿನಲ್ಲಿ ಹೇಗೆ ಮಲಗುತ್ತಿದ್ದರು ಅಂತ ಕೇಳುತ್ತಾರೆ. ರೈಲು ಸ್ಟೇಷನ್ನಿಗೂ ಇದೇ ಮಾತು. ಸಾಮಾನು ಆಮೇಲೆ ಕೂಡಿಸಿ, ಮೊದಲು ಜನರ ಹತ್ತಿರ ಹೋಗಿ.

ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಆದರೆ ಘಟ್ಟದ ಮೇಲೆ, ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ಗೆ 1888ರಲ್ಲೇ ರೈಲು ಬಂದಿತ್ತು. 1961ರವರೆಗೆ ಆಚೆ ಇದ್ದದ್ದು ಪೋರ್ಚುಗೀಸರ ಗೋವಾ, ಹಾಗಾಗಿ ಈ ಕಾಡಿನ ಸ್ಟೇಷನ್ನಿನಲ್ಲಿ ಸುಂಕದ ತಪಾಸಣೆ ನಡೆಯುತ್ತಿತ್ತು. ಘಟ್ಟದ ಏರು 37 ಮೀಟರಿಗೆ 1 ಮೀಟರ್. ಗಾಡಿ ಹತ್ತಿಸಲು ಜಾಸ್ತಿ ಎಂಜಿನ್ನು ಬೇಕು.

ಇಷ್ಟು ತಿಳಿದುಕೊಂಡು ಹೋದರೆ ಒಳ್ಳೇ ಪ್ರಶ್ನೆ ತಾನಾಗಿ ಹುಟ್ಟುತ್ತದೆ. 'ನಿಮ್ಮ ಕಾಲ ಹೇಗಿತ್ತು ಅಜ್ಜ' ಅಂತ ಸುಮ್ನೆ ಕೇಳಿದರೆ 'ಚೆನ್ನಾಗಿತ್ತು' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. 'ಮಳೆಗಾಲದಲ್ಲಿ ಹಳಿ ನೋಡಲು ರಾತ್ರಿ ಎಷ್ಟು ದೂರ ನಡೆಯುತ್ತಿದ್ದಿರಿ, ಕೈಯಲ್ಲಿ ಏನಿರುತ್ತಿತ್ತು' ಅಂತ ಕೇಳಿ. ಸ್ಟೇಷನ್ ಮಾಸ್ಟರ್ ಒಬ್ಬರೇ ಸಾಲದು. ಹಳಿ ರಿಪೇರಿ ಮಾಡುತ್ತಿದ್ದ ಗ್ಯಾಂಗ್‌ಮನ್, ಗಾಡಿಗೆ ಹಳಿ ಬದಲಿಸಿಕೊಡುತ್ತಿದ್ದ ಪಾಯಿಂಟ್ಸ್‌ಮನ್, ಚಹಾ ಮಾರುತ್ತಿದ್ದವರು, ಕ್ವಾರ್ಟರ್ಸಿನಲ್ಲಿ ಸಂಸಾರ ನಡೆಸಿದ ಅಮ್ಮಂದಿರು, ಎಲ್ಲರನ್ನೂ ಮಾತಾಡಿಸಿ. ನೀರು ಎಲ್ಲಿಂದ ಬರುತ್ತಿತ್ತು ಅಂತ ಆ ಅಮ್ಮಂದಿರಷ್ಟು ಚೆನ್ನಾಗಿ ಇನ್ಯಾರೂ ಹೇಳಲಾರರು.

ಇಸವಿಯನ್ನು ನೆನಪಿಗೆ ಬಿಡಬೇಡಿ. 'ಗೋವಾ ಬಿಡುಗಡೆಗೆ ಮುಂಚೆಯೋ ಆಮೇಲೋ' ಅಂತ ಕೇಳಿದರೆ ಹತ್ತಿರ ಬರಬಹುದು. ಹಳೇ ಹಳಿಯ ಪಕ್ಕೆಯಲ್ಲಿ ತಯಾರಿಸಿದವರ ಹೆಸರು, ವರ್ಷ ಉಬ್ಬಿರುತ್ತದೆ. ಬೇಲಿಗೆ, ಚಾವಣಿಗೆ ಕಂಬವಾಗಿ ನಿಲ್ಲಿಸಿದ ಹಳಿ ತುಂಡಿನಲ್ಲೂ ಅದನ್ನು ಹುಡುಕಿ. ಒಂದು ಎಚ್ಚರ, ಅದು ಹಳಿಯ ವಯಸ್ಸು, ಕಟ್ಟಡದ್ದಲ್ಲ.

ವಸ್ತುವಿನ ಪಕ್ಕ ಇಡುವ ಚೀಟಿ ಬರೆಯುವಾಗ ಅದರ ಕೆಲಸ ಹೇಳಿ. ಲೋಹದ ಒಂದು ಗುಂಡು ಸಿಕ್ಕಿತು ಅಂತಿಟ್ಟುಕೊಳ್ಳಿ, 'ಟೋಕನ್' ಅಂತಷ್ಟೇ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರುಬದುರಾಗಬಾರದು, ಅದಕ್ಕೆ ಈ ಗುಂಡು ಕೈಗೆ ಬಾರದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ, ಒಂದು ಗುಂಡು ಹೊರಗಿದ್ದರೆ ಸ್ಟೇಷನ್ನಿನಲ್ಲಿ ಗುಂಡು ಇಡುತ್ತಿದ್ದ ಪೆಟ್ಟಿಗೆ ಇನ್ನೊಂದನ್ನು ಬಿಡುತ್ತಲೇ ಇರಲಿಲ್ಲ ಅಂತ ಬರೆಯಿರಿ. ಎಷ್ಟು ಜೀವ ಅದರ ಮೇಲೆ ನಿಂತಿತ್ತು ಅಂತ ಓದಿದವರಿಗೆ ಆಗ ತಿಳಿಯುತ್ತದೆ.

ಸಾಮಾನು ಹೇಗೆ ಇಡಬಹುದು ಅಂತ ನೋಡಲು ಹುಬ್ಬಳ್ಳಿಗೆ ಹೋಗಿಬನ್ನಿ, 2020ರಲ್ಲಿ ಅಲ್ಲಿ ರೈಲ್ವೆ ಮ್ಯೂಸಿಯಂ ಶುರುವಾಗಿದೆ. ಕ್ಯಾಸಲ್‌ರಾಕ್‌ನಂತೆ ರೈಲು ಓಡುವ ಕಡೆ ಅನುಮತಿ ಇಲ್ಲದೆ ಹಳಿಗೆ ಇಳಿಯಬೇಡಿ, ಬಿದ್ದಿರುವ ಒಂದು ಬೋಲ್ಟನ್ನೂ ಎತ್ತಬೇಡಿ.

ಬರೆದದ್ದನ್ನು ಹೇಳಿದವರಿಗೇ ಮತ್ತೆ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಮನೆಯವರು ಕೊಟ್ಟ ಫೋಟೋವನ್ನು ಸ್ಕ್ಯಾನ್ ಮಾಡಿಸಿ ಅದೇ ವಾರ ವಾಪಸ್ ಮುಟ್ಟಿಸಿ.